ಅಡುಗೆಮನೆಯ ಹಳೆಯ ನೆಲ: ಕಿತ್ತು ತೆಗೆಯಬೇಕೇ, ಮೇಲೆ ಹೊದಿಸಬೇಕೇ, ಇದ್ದಂತೆ ಉಳಿಸಬೇಕೇ?

ಅಡುಗೆಮನೆಯ ದುರಸ್ತಿಗೆ ಕೈ ಹಾಕಿದವರು ಮೊದಲು ಆರಿಸುವುದು ಹೊಸ ಟೈಲ್ಸಿನ ಬಣ್ಣವನ್ನು. ಹಳೆಯ ನೆಲವನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುವುದು ಟೈಲ್ಸಿನ ಪೆಟ್ಟಿಗೆಗಳು ಬಂದು ಜಗುಲಿಯಲ್ಲಿ ಇಳಿದ ಮೇಲೆ, ಗೌಂಡಿಯು ಬಾಗಿಲಲ್ಲಿ ನಿಂತು "ಒಡೆಯುವುದೋ, ಮೇಲೇ ಕೂರಿಸುವುದೋ?" ಎಂದು ಕೇಳಿದಾಗ. ಆ ಹೊತ್ತಿಗೆ ಕೊಡುವ ಉತ್ತರ ಸಾಮಾನ್ಯವಾಗಿ ಕೈಯಲ್ಲಿರುವ ಹಣವನ್ನೂ ಮನೆಯಲ್ಲಿ ಮುಂದೆ ಬರಲಿರುವ ಕಾರ್ಯವನ್ನೂ ನೋಡಿ ಕೊಟ್ಟದ್ದಾಗಿರುತ್ತದೆಯೇ ಹೊರತು ನೆಲವನ್ನು ನೋಡಿ ಕೊಟ್ಟದ್ದಲ್ಲ. ಉತ್ತರ ಕನ್ನಡದಲ್ಲಿ, ಅದರಲ್ಲಿಯೂ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಈ ನಿರ್ಧಾರವನ್ನು ನೆಲದ ಮುಖ ನೋಡಿ ಮಾಡುವುದಕ್ಕಿಂತ ನೆಲದ ಅಡಿಯನ್ನು ನೋಡಿ ಮಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ನಾಲ್ಕು ತಿಂಗಳಲ್ಲಿ ಸುರಿಯುವ ಊರುಗಳಲ್ಲಿ ನೆಲ ಕೆಡುವುದು ಮೇಲಿನ ತುಳಿತದಿಂದಲ್ಲ, ಕೆಳಗಿನ ನೀರಿನಿಂದ.

ನಮ್ಮ ಮುಂದಿರುವ ದಾರಿಗಳು ನಾಲ್ಕು. ಹಳೆಯ ನೆಲವನ್ನೇ ಸ್ವಚ್ಛಗೊಳಿಸಿ, ಹೊಳಪು ಕೊಟ್ಟು ಉಳಿಸಿಕೊಳ್ಳುವುದು ಒಂದು. ಅದರ ಮೇಲೆಯೇ ಹೊಸ ಟೈಲ್ಸ್ ಅಥವಾ ವಿನೈಲ್ ಹಾಳೆ ಹೊದಿಸುವುದು ಇನ್ನೊಂದು. ಮೇಲಿನ ಟೈಲ್ಸನ್ನೂ ಅದರ ಗಾರೆಯನ್ನೂ ಮಾತ್ರ ಕಿತ್ತು ಕೆಳಗಿನ ಕಾಂಕ್ರೀಟನ್ನು ಉಳಿಸುವುದು ಮೂರನೆಯದು. ಬುಡದ ಮಣ್ಣಿನವರೆಗೆ ಅಗೆದು ಹೊಸದಾಗಿ ಕಟ್ಟುವುದು ಕೊನೆಯದು.

ಈಗಿರುವ ನೆಲ ಯಾವುದು?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಅಡುಗೆಮನೆಗೆ ರೆಡ್ ಆಕ್ಸೈಡ್ ನೆಲವಿರುವುದು ಸಾಮಾನ್ಯ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ತರಿಸಿದ ನೆಲವದು. ಬಣ್ಣದ ಪದರ ಕೆಲವೇ ಮಿಲಿಮೀಟರಿನಷ್ಟು ತೆಳು. ಕರಾವಳಿಯ ಮನೆಗಳಲ್ಲಿ ಇದರ ಜೊತೆಗೆ ಕಡಪಾ ಕಲ್ಲು, ಶಹಾಬಾದ್ ಕಲ್ಲು, ಮೊಸಾಯಿಕ್, ಒಂದಡಿಯ ಸೆರಾಮಿಕ್ ಟೈಲ್ಸ್, ಇತ್ತೀಚಿನ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಎಲ್ಲವೂ ಕಾಣಸಿಗುತ್ತವೆ. ಕೆಲವು ಮನೆಗಳಲ್ಲಿ ಒಂದರ ಮೇಲೊಂದು ಎರಡು ನೆಲಗಳು ಈಗಾಗಲೇ ಕುಳಿತಿರುತ್ತವೆ. ಬಾಗಿಲಿನ ಹೊಸ್ತಿಲು ಒಳಗಿನಿಂದ ತಗ್ಗಾಗಿ ಕಂಡರೆ ಅದನ್ನು ಊಹಿಸಬಹುದು. ಅಂತಹ ಕಡೆ ಮೂರನೆಯ ಪದರದ ಮಾತನ್ನು ಎತ್ತಲೇಬಾರದು.

ನೆಲದ ಗಟ್ಟಿತನವನ್ನು ತಿಳಿಯಲು ಮರದ ಕೊಡತಿ ಅಥವಾ ದಪ್ಪ ನಾಣ್ಯ ಸಾಕು. ಒಂದು ಮೂಲೆಯಿಂದ ಆರಂಭಿಸಿ ಪ್ರತಿ ಟೈಲ್ಸಿನ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಮೆಲ್ಲಗೆ ಬಡಿದು, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತ ಹೋಗಬೇಕು. ನೂರಕ್ಕೆ ಐದೋ ಹತ್ತೋ ಪೊಳ್ಳಾಗಿದ್ದರೆ ಅವನ್ನಷ್ಟೇ ಕಿತ್ತು ತುಂಬಬಹುದು. ಗುರುತುಗಳು ನೆಲದ ಕಾಲು ಭಾಗವನ್ನು ಮೀರಿದರೆ ಮೇಲೆ ಹೊದಿಸುವ ದಾರಿ ಮುಚ್ಚಿತೆಂದೇ ತಿಳಿಯಬೇಕು. ಬಳಿಕ ಒಂದು ಚೊಂಬು ನೀರು ಚೆಲ್ಲಿ, ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಒಂದೇ ಮೂಲೆ ಕುಸಿದಿದ್ದರೆ ಅಡಿಯ ಮಣ್ಣು ಇಳಿದಿದೆ ಎಂದರ್ಥ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಗಂಗಾವಳಿಯ ನೆರೆ ಹೊಕ್ಕ ಮನೆಗಳಲ್ಲಿ ಈ ಪರೀಕ್ಷೆಯನ್ನು ಬಿಡಕೂಡದು. ನೆರೆಯ ನೀರು ಇಳಿಯುವಾಗ ನೆಲದಡಿಯ ಮಣ್ಣನ್ನೂ ಒಯ್ದಿರಬಹುದು, ಮೇಲಿನ ಟೈಲ್ಸ್ ಮಾತ್ರ ಏನೂ ಆಗದಂತೆ ಕುಳಿತಿರಬಹುದು.

ನೀರು ಕೆಳಗಿನದೋ, ಗಾಳಿಯದೋ?

ಜೂನ್–ಜುಲೈ ತಿಂಗಳಲ್ಲಿ ಅಡುಗೆಮನೆಯ ನೆಲ ಬೆವರುವುದನ್ನು ಕಂಡು "ನೀರು ಒಸರುತ್ತಿದೆ, ಎಲ್ಲವನ್ನೂ ಅಗೆಯಬೇಕು" ಎಂದು ಹೊರಟವರು ಬಹಳ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಮಳೆಗಾಲದ ಗಾಳಿಯಲ್ಲಿ ತುಂಬಿರುವ ತೇವ ತಣ್ಣಗಿನ ನೆಲಕ್ಕೆ ತಾಗಿ ಹನಿಗಟ್ಟುವುದು ಒಂದು. ತಣ್ಣೀರಿನ ಚೊಂಬಿನ ಹೊರಮೈ ಒದ್ದೆಯಾಗುವುದೂ ಇದೇ ಕಾರಣದಿಂದ. ನೆಲದಡಿಯ ಮಣ್ಣಿನಿಂದ ತೇವವು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೆ ಏರುವುದು ಇನ್ನೊಂದು. ಮೊದಲನೆಯದಕ್ಕೆ ನೆಲ ಒಡೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಹೊಸ ವಿಟ್ರಿಫೈಡ್ ಟೈಲ್ಸ್ ಹಾಕಿದರೆ ಅದು ಇನ್ನೂ ಚೆನ್ನಾಗಿ ಬೆವರುತ್ತದೆ, ಏಕೆಂದರೆ ಹನಿಗಟ್ಟಿದ ನೀರನ್ನು ಅದು ಎಳ್ಳಷ್ಟೂ ಹೀರುವುದಿಲ್ಲ. ಎರಡನೆಯದನ್ನು ಮುಚ್ಚಿಟ್ಟರೆ ಹಾಕಿದ ಹಣವೆಲ್ಲ ಹೋದಂತೆ.

ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭವಾಗಿದೆ. ಎರಡಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ ಒಣಗಿಸಿದ ನೆಲದ ಮೇಲೆ ಹರಡಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಸಂದಿಲ್ಲದಂತೆ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಮೇಲ್ಮೈಯಲ್ಲಿ ಹನಿ ಕಂಡರೆ ಅದು ಗಾಳಿಯ ನೀರು. ಹಾಳೆಯ ಅಡಿಯಲ್ಲಿ ಹನಿ ನಿಂತರೆ ಅಥವಾ ನೆಲದ ಬಣ್ಣ ಗಾಢವಾದರೆ ಅದು ನೆಲದಡಿಯ ನೀರು. ಒಲೆಯ ಹತ್ತಿರ, ಹೊರಗೋಡೆಯ ಬುಡದಲ್ಲಿ, ಬಚ್ಚಲಿನ ಕಡೆ ಹೀಗೆ ಮೂರು ಜಾಗಗಳಲ್ಲಿ ಹಾಳೆ ಅಂಟಿಸುವುದು ಲೇಸು. ಇದನ್ನು ಮಾಡಬೇಕಾದದ್ದು ಜುಲೈಯಲ್ಲಿ. ಫೆಬ್ರವರಿಯಲ್ಲಿ ಈ ಜಿಲ್ಲೆಯ ಎಲ್ಲ ನೆಲಗಳೂ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಅಡಿಯಿಂದಲೇ ನೀರು ಬರುತ್ತಿದೆಯೆಂದು ಖಚಿತವಾದ ಮೇಲೂ ಹಾರೆ ಎತ್ತುವ ಮೊದಲು ಮನೆಯನ್ನು ಒಂದು ಸುತ್ತು ಹಾಕಿ ಬರಬೇಕು. ಸೂರಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಬೀಳುತ್ತಿದೆಯೇ, ಅಂಗಳಕ್ಕೆ ಮೇಲಿಂದ ಮೇಲೆ ಮಣ್ಣು ಹಾಕಿ ಪಂಚಾಂಗದ (ಗೋಡೆಯ ಅಡಿಯಲ್ಲಿ ಅಂಗಳಕ್ಕಿಂತ ಮೇಲೆ ಕಟ್ಟಿದ ಅಡಿಪಾಯದ) ಎತ್ತರವೇ ಮುಳುಗಿದೆಯೇ, ಹಿತ್ತಲಿನ ಚರಂಡಿ ಕಟ್ಟಿಕೊಂಡಿದೆಯೇ, ಬಚ್ಚಲಿನ ಕೊಳವೆ ಸಂದಿಯಲ್ಲಿ ಸೋರುತ್ತಿದೆಯೇ ಎಂಬುದನ್ನು ನೋಡಿದರೆ, ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕಾರಣ ಹೊರಗೇ ಸಿಗುತ್ತದೆಂಬುದು ನಾನು ಕಂಡದ್ದು. ಕಾರಣವನ್ನು ಹೊರಗೆ ಬಿಟ್ಟು ಒಳಗಿನ ನೆಲವನ್ನು ಎಷ್ಟು ಸಲ ಬದಲಿಸಿದರೂ ಅಷ್ಟೇ.

ಉಳಿಸಿಕೊಳ್ಳುವ ದಾರಿ

ಬಿರುಕಿಲ್ಲದ ರೆಡ್ ಆಕ್ಸೈಡ್ ನೆಲವನ್ನು, ಹೊಸದು ಬೇಕೆಂಬ ಒಂದೇ ಆಸೆಗೆ ಒಡೆಯುವುದನ್ನು ನಾನು ಒಪ್ಪುವುದಿಲ್ಲ. ಒಡೆದ ಮೇಲೆ ಅದೇ ನೆಲವನ್ನು ಮತ್ತೆ ತಿಕ್ಕಿ ಕೊಡಬಲ್ಲ ಕೈಗಳು ಈಗ ಕಡಿಮೆ. ಇದಕ್ಕಿರುವ ಮಿತಿಗಳನ್ನೂ ಹೇಳಬೇಕು: ಬಿರುಕು ಬಿಟ್ಟಲ್ಲಿ ತೇಪೆ ಹಾಕಿದರೆ ಅದು ತೇಪೆಯಾಗಿಯೇ ಕಾಣುತ್ತದೆ, ಬಣ್ಣ ಸೇರುವುದಿಲ್ಲ, ಪದರ ತೆಳುವಾದ್ದರಿಂದ ಯಂತ್ರದಿಂದ ತಿಕ್ಕಿಸಲಾಗದು, ಹುಣಸೆ, ಲಿಂಬೆ, ಮುರುಗಲಿನಂತಹ ಹುಳಿ ಬಿದ್ದು ಹಾಗೆಯೇ ಉಳಿದರೆ ಸಿಮೆಂಟು ಅದರೊಡನೆ ವರ್ತಿಸಿ ಮಂಕಾದ ಕಲೆ ಉಳಿಯುತ್ತದೆ. ಕಡಪಾ ಮತ್ತು ಶಹಾಬಾದ್ ಕಲ್ಲುಗಳು ಸುಣ್ಣಕಲ್ಲುಗಳಾದ್ದರಿಂದ ಹುಳಿಯ ಕಾಟ ಅವಕ್ಕೂ ತಪ್ಪಿದ್ದಲ್ಲ.

ಮೊಸಾಯಿಕ್ ವಿಷಯ ಬೇರೆ. ಅದರ ಬಿಲ್ಲೆಗಳು ಸುಮಾರು 20ರಿಂದ 25 ಮಿಲಿಮೀಟರ್ ದಪ್ಪವಿದ್ದು, ಮೇಲಿನ ಕಲ್ಲುಚೂರಿನ ಪದರವೇ ಸಾಕಷ್ಟು ದಪ್ಪವಾಗಿರುವುದರಿಂದ ಪಾಲಿಶ್ ಯಂತ್ರದಲ್ಲಿ ಒರಟು ಕಲ್ಲಿನಿಂದ ನಯಗಲ್ಲಿನವರೆಗೆ ಹಂತ ಹಂತವಾಗಿ ತಿಕ್ಕಿಸಿ, ಮೂವತ್ತು ವರ್ಷದ ನೆಲವನ್ನೂ ಹೊಸದರಂತೆ ಮಾಡಬಹುದು. ಎರಡು ದಿನಗಳ ಕೆಸರು ನೀರಿನ ಕೆಲಸ, ಅಷ್ಟೇ. ಪಾಲಿಶ್ ಮಾಡಿಸಬಹುದಾದ ಮೊಸಾಯಿಕ್ ಮೇಲೆ ಅಗ್ಗದ ಟೈಲ್ಸ್ ಹೊದಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಹಳೆಯ ಅಡುಗೆಮನೆಯಲ್ಲಿ ನೆಲದಲ್ಲಿಯೇ ಹೂತ ಒರಳುಕಲ್ಲಿದ್ದರೆ ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ಎಬ್ಬಿಸಿ ತೆಗೆದರೆ ಉಳಿಯುವ ಗುಂಡಿ ನಾವೆಣಿಸಿದ್ದಕ್ಕಿಂತ ಆಳವಾಗಿರುತ್ತದೆ. ತೇವದ ಮಣ್ಣು ತುಂಬಿ ದಮ್ಮಸು ಹಾಕದೆ ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಅಲ್ಲಿಯೇ ನೆಲ ಇಳಿಯುತ್ತದೆ.

ಮೇಲೆ ಹೊದಿಸುವ ದಾರಿ

ಧೂಳಿಲ್ಲ, ಒಡಕಿನ ರಾಶಿಯಿಲ್ಲ, ಮೂರು ದಿನಗಳಲ್ಲಿ ಒಲೆ ಹೊತ್ತಿಸಬಹುದು. ಗಟ್ಟಿಯಾಗಿರುವ, ಒಣಗಿರುವ, ಸಮತಟ್ಟಾದ ಹಳೆಯ ಟೈಲ್ಸ್ ನೆಲಕ್ಕೆ ಇದು ಒಳ್ಳೆಯ ದಾರಿಯೇ. ಆದರೆ ಗೌಂಡಿಗಳಲ್ಲಿ ಹಲವರು ಈಗಲೂ ಹಳೆಯ ನೆಲದ ಮೇಲೆ ಸಿಮೆಂಟ್ ಹಾಲು ಸುರಿದು ಟೈಲ್ಸ್ ಕೂರಿಸುತ್ತಾರೆ. ನೀರು ಹೀರದ ಎರಡು ಮೈಗಳ ನಡುವೆ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತನ್ನ ತೂಕದ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಇಲ್ಲಿ ಪಾಲಿಮರ್ ಬೆರೆತ ಟೈಲ್ ಅಂಟು ಬೇಕೇ ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಎಂಬ ಗುರುತೂ, ಟೈಲ್ಸ್ ಮೇಲೆ ಟೈಲ್ಸ್ ಕೂರಿಸಲು ತಕ್ಕದ್ದೆಂಬ ಬರಹವೂ ಇರುವುದನ್ನೇ ಕೊಳ್ಳಬೇಕು. 20 ಕಿಲೋ ಚೀಲವೊಂದು ಮೂರು ಮಿಲಿಮೀಟರ್ ದಪ್ಪಕ್ಕೆ ಸುಮಾರು 45ರಿಂದ 50 ಚದರಡಿಗೆ ಬರುತ್ತದೆ. ಅಂಟು ಹಚ್ಚುವ ಮೊದಲು ಹಳೆಯ ಮೈಯನ್ನು ಜಿಡ್ಡು ಹೋಗುವಂತೆ ತೊಳೆದು, ಯಂತ್ರದಿಂದ ಉಜ್ಜಿಯೋ ಕಚ್ಚು ಹಾಕಿಯೋ ಒರಟು ಮಾಡಲೇಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನದೇ ಅಡುಗೆಮನೆ. ಅಂಕೋಲಾ ಕಡೆಯ ನಮ್ಮ ಮನೆಯಲ್ಲಿ ನಲವತ್ತು ವರ್ಷ ಎಣ್ಣೆ ಕುಡಿದು ಕನ್ನಡಿಯಂತಾಗಿದ್ದ ಕೆಂಪು ನೆಲದ ಮೇಲೆ, ಕಚ್ಚು ಹಾಕದೆ, ಗೋಡೆಗೆ ತಾಗುವಂತೆ ಸಂದು ಬಿಡದೆ ಎರಡಡಿಯ ಟೈಲ್ಸ್ ಹಾಕಿಸಿದೆವು. ಮೂರನೆಯ ಮಳೆಗಾಲ ಕಳೆದು ಬಿಸಿಲೇರಿದ ಒಂದು ಮಧ್ಯಾಹ್ನ ಪಟಾಕಿ ಹೊಡೆದಂತೆ ಸದ್ದಾಗಿ, ನಡುವಿನ ಎರಡು ಸಾಲುಗಳು ಗುಡಾರದಂತೆ ಎದ್ದು ನಿಂತವು. ಅಡಿಯಲ್ಲಿ ಅಂಟಿನ ಹಿಡಿತವಿಲ್ಲದೆ, ಹಿಗ್ಗಲು ಅಂಚಿನಲ್ಲಿ ಎಡೆಯಿಲ್ಲದೆ ಇದ್ದ ನೆಲ ಮತ್ತೇನು ಮಾಡೀತು? ಕಿತ್ತು ನೋಡಿದರೆ ಟೈಲ್ಸಿನ ಬೆನ್ನಿಗೆ ಹತ್ತಿದ್ದ ಸಿಮೆಂಟು ಹಾಗೆಯೇ ಇತ್ತು, ಕೆಂಪು ನೆಲಕ್ಕೆ ಒಂದು ಗೀರೂ ಆಗಿರಲಿಲ್ಲ. ಟೈಲ್ಸ್ ನಡುವೆ ಎರಡು ಮೂರು ಮಿಲಿಮೀಟರ್, ಗೋಡೆಯ ಸುತ್ತ ಐದಾರು ಮಿಲಿಮೀಟರ್ ಸಂದು ಬಿಟ್ಟು, ಗೋಡೆಯಂಚಿನದನ್ನು ಸಿಮೆಂಟಿನಿಂದ ತುಂಬದೆ ಸ್ಕರ್ಟಿಂಗಿನ (ಗೋಡೆಯ ಬುಡಕ್ಕೆ ಹಚ್ಚುವ ಟೈಲ್ಸ್ ಪಟ್ಟಿಯ) ಅಡಿಯಲ್ಲಿ ಮುಚ್ಚಿದ್ದರೆ ಆ ಸದ್ದು ಕೇಳಬೇಕಾಗಿರಲಿಲ್ಲ.

ಮೇಲೆ ಹೊದಿಸಿದಾಗ ನೆಲ 12ರಿಂದ 15 ಮಿಲಿಮೀಟರ್ ಏರುತ್ತದೆ. ಅರ್ಧ ಇಂಚು ಎಂದು ಅಲಕ್ಷಿಸುವಂತಿಲ್ಲ: ಬಾಗಿಲಿನ ಅಡಿ ಕೊಯ್ಯಬೇಕಾಗುತ್ತದೆ, ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿ ಕಿಂಡಿಯ) ಬಾಯಿ ಆಳಕ್ಕೆ ಬೀಳುತ್ತದೆ, ಕಟ್ಟೆಯ ಕೆಳಗಿನ ಕಪಾಟುಗಳ ಬಾಗಿಲು ನೆಲಕ್ಕೆ ತಾಗುತ್ತವೆ, ಪಕ್ಕದ ಊಟದ ಕೋಣೆಗೆ ಹೋಗುವಲ್ಲಿ ಎಡವುವ ಅಂಚೊಂದು ಹುಟ್ಟುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಈ ಅಂಚು ಉಳಿದೆಲ್ಲಕ್ಕಿಂತ ದೊಡ್ಡ ವಿಷಯ. ಭಾರದ ಲೆಕ್ಕವೂ ಇದೆ. ಅಂಟಿನಿಂದ ಕೂರಿಸಿದರೆ 100 ಚದರಡಿಗೆ ಸುಮಾರು 220 ಕಿಲೋ ಸೇರುತ್ತದೆ. ಮಹಡಿಯ ಸ್ಲ್ಯಾಬು ಆರೋಗ್ಯವಾಗಿದ್ದರೆ ಅದನ್ನು ತಡೆದುಕೊಳ್ಳುತ್ತದೆ. ಅಂಟಿನ ಬದಲು ಒಂದೂವರೆ ಇಂಚು ಗಾರೆ ಸುರಿದರೆ ಭಾರ ಮೂರು ನಾಲ್ಕು ಪಟ್ಟಾಗುತ್ತದೆ. ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು ಕೆಳಮೈಯಲ್ಲಿ ಬಿರುಕು ಕಂಡ ಸ್ಲ್ಯಾಬಿನ ಮೇಲೆ ಅದನ್ನು ಮಾಡಲೇಬಾರದು.

ವಿನೈಲ್ ಹಾಳೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬಾಡಿಗೆಯ ಮನೆಗೆ, ಎರಡು ಮೂರು ವರ್ಷದ ಮಟ್ಟಿಗೆ, ಮಹಡಿಯ ಒಣ ನೆಲಕ್ಕೆ ಅದು ಸಾಕು. ಕರಾವಳಿಯ ನೆಲಮಟ್ಟದ ಅಡುಗೆಮನೆಯಲ್ಲಿ ಅಡಿಯ ತೇವ ಹೊರಹೋಗಲಾಗದೆ ಅಂಟು ಬಿಡುತ್ತದೆ, ಬೂಷ್ಟಿನ ವಾಸನೆ ಹೊಡೆಯುತ್ತದೆ. ಕುದಿಯುವ ಪಾತ್ರೆ ಇಳಿಸಿದರೆ ಗುರುತು ಉಳಿಯುತ್ತದೆ.

ಟೈಲ್ಸ್ ಮಾತ್ರ ಕೀಳುವುದು

ನೆಲ ಒಣಗಿದ್ದು, ಟೈಲ್ಸ್ ಪೊಳ್ಳಾಗಿ, ಅಡಿಯ ಕಾಂಕ್ರೀಟು ಗಟ್ಟಿಯಾಗಿದ್ದರೆ ಇದೇ ಸರಿಯಾದ ದಾರಿ. ಹಳೆಯ ಟೈಲ್ಸ್ ಗಾರೆಯ ಮೇಲೆ ಕುಳಿತದ್ದಾದ್ದರಿಂದ ಒಂದನ್ನು ಒಡೆದು ಜಾಗ ಮಾಡಿಕೊಂಡರೆ ಉಳಿದವುಗಳ ಅಡಿಗೆ ಚಪ್ಪಟೆ ಚಾಣವನ್ನು ಓರೆಯಾಗಿ ತೂರಿಸಿ ಗಾರೆಯ ಸಹಿತ ಎಬ್ಬಿಸಬಹುದು. ನೆಲದ ಮಟ್ಟ ಏರದಿರುವುದು ಇದರ ದೊಡ್ಡ ಲಾಭ. 100 ಚದರಡಿಯನ್ನು ಇಬ್ಬರು ಕೈಯಿಂದ ಎರಡು ದಿನಗಳಲ್ಲಿ, ಬ್ರೇಕರ್ ಯಂತ್ರವಿದ್ದರೆ ಒಂದು ದಿನದಲ್ಲಿ ಮುಗಿಸಬಹುದು. ಆದರೆ ಮಹಡಿಯಲ್ಲಿ ಬ್ರೇಕರ್ ಬೇಡ. ಅದರ ಅದುರುವಿಕೆಗೆ ಕೆಳಗಿನ ಕೋಣೆಯ ಮಾಳಿಗೆಯ ಗಿಲಾವು ಬಿಚ್ಚಿ ಬೀಳಬಹುದು. ಮಣ್ಣಿನಲ್ಲಿ ಕಟ್ಟಿದ ಚಿರೆಕಲ್ಲಿನ ಗೋಡೆಗಳ ಹತ್ತಿರವೂ ಒಂದಡಿಯಷ್ಟು ಅಂಚನ್ನು ಕೈಚಾಣದಿಂದಲೇ ಬಿಡಿಸುವುದು ಕ್ಷೇಮ.

ಬುಡದವರೆಗೆ ಅಗೆಯುವುದು

ಹಾಳೆಯ ಅಡಿಯಲ್ಲಿ ನೀರು ನಿಂತಿದ್ದರೆ, ನೆಲ ಕುಸಿದಿದ್ದರೆ, ಟೈಲ್ಸಿನ ಸಂದಿಗಳಲ್ಲಿ ಬಿಳಿಯ ಉಪ್ಪಿನ ಪುಡಿ ವರ್ಷ ವರ್ಷವೂ ಏಳುತ್ತಿದ್ದರೆ, ಅಥವಾ ಗೆದ್ದಲು ನೆಲದ ಮೂಲಕ ಬಾಗಿಲ ಚೌಕಟ್ಟಿಗೆ ಹತ್ತುತ್ತಿದ್ದರೆ ಬೇರೆ ದಾರಿಯಿಲ್ಲ. ಇದು ದುಬಾರಿ, ಮೂರು ವಾರ ಅಡುಗೆಯನ್ನು ಹಿತ್ತಿಲ ಮಾಡಿಗೋ ಪಡಸಾಲೆಗೋ ಸಾಗಿಸಬೇಕು. ಹೀಗಾಗಿ, ಅಗೆದ ಮೇಲೆ ಅರೆಬರೆ ಮಾಡಿ ಮುಚ್ಚುವುದರಲ್ಲಿ ಅರ್ಥವೇ ಇಲ್ಲ.

ಸಿದ್ಧನೆಲದ ಮಟ್ಟದಿಂದ ಸುಮಾರು 11 ಇಂಚು ಕೆಳಕ್ಕೆ ಅಗೆಯಬೇಕಾಗುತ್ತದೆ. ಪಂಚಾಂಗದ ಎತ್ತರದೊಳಗೇ ಇಷ್ಟು ಸಿಗುವುದಾದರೆ ತೊಂದರೆಯಿಲ್ಲ. ಗೋಡೆಯ ತಳಪಾಯ ಅದಕ್ಕಿಂತ ಮೇಲೆ ನಿಂತಿರುವ ಹಳೆಯ ಮನೆಗಳಲ್ಲಿ ಎಂಜಿನಿಯರನ್ನು ಕರೆಸದೆ ಅಗೆಯಬಾರದು. ತಳದ ಮಣ್ಣಿಗೆ ನೀರು ಹಾಕಿ ದಮ್ಮಸು ಬಡಿದು, ಗೆದ್ದಲಿನ ಮದ್ದು ಹಾಕಿಸುವುದಿದ್ದರೆ ಈಗಲೇ ಹಾಕಿಸಿ, ಅದರ ಮೇಲೆ ನಾಲ್ಕಿಂಚು ದಪ್ಪ ಜಲ್ಲಿಯನ್ನು ಪುಡಿಯಿಲ್ಲದಂತೆ ಹರಡಬೇಕು. ಜಲ್ಲಿಯ ನಡುವಿನ ದೊಡ್ಡ ಎಡೆಗಳನ್ನು ದಾಟಿ ನೀರು ಏರಲಾರದು. ಪುಡಿ ಸೇರಿದ ಜಲ್ಲಿಯಾದರೆ ಬತ್ತಿಯಂತೆ ಏರುತ್ತದೆ. ಅದರ ಮೇಲೆ ಒಂದಿಂಚು ಮರಳು, ಮರಳಿನ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ. ಹಾಳೆಗಳು ಒಂದರ ಮೇಲೊಂದು ಅರ್ಧ ಅಡಿ ಕವಿದು, ಗೋಡೆಯ ಬದಿಗೆ ಮೇಲಕ್ಕೆ ಮಡಚಿರಬೇಕು. ಆಮೇಲೆ ಮೂರು ನಾಲ್ಕಿಂಚು ಕಾಂಕ್ರೀಟು, ಏಳು ದಿನ ನೀರು ಕುಡಿಸುವುದು, ಬಳಿಕ ಗಾರೆ ಮತ್ತು ಟೈಲ್ಸ್. ಕಾಂಕ್ರೀಟು ಸುರಿಯುವಾಗ ಚೂಪಾದ ಜಲ್ಲಿಯ ಮೇಲೆ ಬೂಟುಗಾಲಲ್ಲಿ ಓಡಾಡಿ ಹಾಳೆ ಹರಿದರೆ ಇಡೀ ಕೆಲಸ ವ್ಯರ್ಥ; ಮನೆಯವರು ಮುಂದೆ ನಿಂತು ನೋಡಬೇಕಾದ ಗಳಿಗೆಯೊಂದಿದ್ದರೆ ಇದೇ. ನೆಲಕ್ಕೆ ತಡೆ ಹಾಕಿದ ಮಾತ್ರಕ್ಕೆ ಗೋಡೆಯೊಳಗೆ ಏರುವ ತೇವ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ನೆಲದಲ್ಲಿ ದಾರಿ ಮುಚ್ಚಿದ ನೀರು ಗೋಡೆಯ ಬುಡವನ್ನು ಹುಡುಕಿಕೊಂಡು ಹೋಗಿ, ಮೊದಲ ಒಂದೆರಡು ಮಳೆಗಾಲ ಅಲ್ಲಿನ ಬಣ್ಣ ಉದುರಬಹುದು.

ಒಡೆಯುವ ದಿನ

ಗ್ಯಾಸ್ ಸಿಲಿಂಡರನ್ನು ಮುಚ್ಚಿ ಹೊರಗೆ ಸಾಗಿಸಿದ ಮೇಲೆಯೇ ಕಟಿಂಗ್ ಯಂತ್ರ ಒಳಗೆ ಬರಬೇಕು. ಅದರ ಕಿಡಿ ದೂರ ಹಾರುತ್ತದೆ. ನೆಲದೊಳಗೆ ನೀರಿನ ಕೊಳವೆಯೋ ವಿದ್ಯುತ್ತಿನ ಪೈಪೋ ಹಾದು ಹೋಗಿದೆಯೇ ಎಂದು ಹಿರಿಯರನ್ನು ಕೇಳಿ ಗುರುತು ಹಾಕಿಕೊಳ್ಳಬೇಕು. ಟೈಲ್ಸ್, ಗಾರೆ, ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದೊಳಗೆ ಹೋದರೆ ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಆ ಧೂಳನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಮೂಗಿಗೆ ಟವೆಲು ಸುತ್ತಿಕೊಂಡರೆ ಸಾಲದು, ಎನ್95 ಮಾಸ್ಕನ್ನು ಮನೆಯವರೇ ತಂದು ಕೆಲಸದವರಿಗೆ ಕೊಡಬೇಕು, ಕೊಯ್ಯುವಾಗ ನೀರು ಹನಿಸುತ್ತಿರಬೇಕು. ಕೂಲಿಯ ಲೆಕ್ಕದಲ್ಲಿ ಇದೊಂದು ದೊಡ್ಡ ಖರ್ಚಲ್ಲ.

ದರ ಕೇಳುವಾಗ ಒಡೆಯುವುದಕ್ಕೆಷ್ಟು, ಒಡಕು ಸಾಗಿಸುವುದಕ್ಕೆಷ್ಟು, ಮಟ್ಟ ಮಾಡುವುದಕ್ಕೆಷ್ಟು, ಕೂರಿಸುವುದಕ್ಕೆಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಒಟ್ಟು ದರ ಹೇಳಿದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಸಾಗಣೆ. 100 ಚದರಡಿಯ ಟೈಲ್ಸನ್ನೂ ಗಾರೆಯನ್ನೂ ಎರಡೂವರೆ ಇಂಚು ದಪ್ಪಕ್ಕೆ ಕಿತ್ತರೆ ಸುಮಾರು 1.2 ಟನ್ ಒಡಕು ಬರುತ್ತದೆ. 11 ಇಂಚು ಅಗೆದರೆ ಮಣ್ಣೂ ಸೇರಿ ನಾಲ್ಕೂವರೆ ಟನ್ನಿನಷ್ಟಾಗುತ್ತದೆ. ಇದನ್ನು ಹಳ್ಳಕ್ಕೋ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಬದುವಿಗೋ ರಾತ್ರೋರಾತ್ರಿ ಸುರಿದು ಬರುವ ರೂಢಿ ನಮ್ಮಲ್ಲಿದೆ. 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ಒಡಕಿನ ಹೊಣೆಯನ್ನು ಅದನ್ನು ಉಂಟುಮಾಡಿದವರ ಮೇಲೆಯೇ ಹೊರಿಸಿ, ರಸ್ತೆಗೂ ಚರಂಡಿಗೂ ಅದು ಅಡ್ಡಿಯಾಗಬಾರದೆಂದು ಹೇಳಿದ್ದವು. ಕರಾವಳಿ ನಿಯಂತ್ರಣ ವಲಯದಲ್ಲಿ ಕಟ್ಟಡದ ಒಡಕಿನಿಂದ ಜಾಗ ತುಂಬಿಸುವುದು ನಿಷಿದ್ಧ. ಆದ್ದರಿಂದ ಎಲ್ಲಿ ಹಾಕಬೇಕೆಂದು ನಗರಸಭೆ ಅಥವಾ ಪಂಚಾಯತಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಗಾರೆ, ಕಾಂಕ್ರೀಟಿನ ಚೂರುಗಳನ್ನು ಅಂಗಳದ ದಾರಿಯ ಅಡಿಗೋ ಕೊಟ್ಟಿಗೆಯ ನೆಲದ ಅಡಿಗೋ ತುಂಬಬಹುದು. ಟೈಲ್ಸಿನ ಚೂರುಗಳನ್ನು ಮಾತ್ರ ಅಡಿಕೆ ತೋಟದ ಕಡೆ ಒಯ್ಯಬಾರದು. ಬರಿಗಾಲಲ್ಲಿ ಓಡಾಡುವವರ ಪಾದಕ್ಕೆ ಅವು ಹತ್ತು ವರ್ಷವಾದರೂ ಕಾಯುತ್ತಿರುತ್ತವೆ.

ಇನ್ನು ಕಾಲದ ಮಾತು. ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳು ಮನೆಗೆ ಬರುತ್ತಾರೆಂದು ಆಗಲೇ ನೆಲ ಕೀಳುವವರು ಹೆಚ್ಚು. ಕಾಂಕ್ರೀಟು ಒಣಗುವ ಮೊದಲೇ ಮಳೆ ಬಂದು ಕೂರುತ್ತದೆ, ತೇವದ ಮೇಲೆಯೇ ಟೈಲ್ಸ್ ಹಾಕಬೇಕಾಗುತ್ತದೆ. ಜುಲೈಯಲ್ಲಿ ಹಾಳೆ ಅಂಟಿಸಿ ನೋಡಿ, ನವರಾತ್ರಿಯ ಹೊತ್ತಿಗೆ ಗೌಂಡಿಯೊಡನೆ ಮಾತು ಮುಗಿಸಿ, ದೀಪಾವಳಿ ಕಳೆದ ಮೇಲೆ ಒಡೆಯಲು ಆರಂಭಿಸಿದರೆ ಸಂಕ್ರಾಂತಿಯ ಒಳಗೆ ಅಡುಗೆಮನೆ ಕೈಗೆ ಸಿಗುತ್ತದೆ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ದಿನಗಳೂ ಅವೇ ಆದ್ದರಿಂದ ಅಲ್ಲಿ ಕೂಲಿಯಾಳುಗಳು ಸಿಗುವುದು ಕಷ್ಟ; ಶಿರಸಿ–ಸಿದ್ದಾಪುರದ ಕಡೆಯವರು ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಕೆಲಸ ಹಿಡಿದರೂ ಮಳೆಗೆ ಮೊದಲು ನೆಲ ಒಣಗಲು ಸಮಯ ಉಳಿದಿರುತ್ತದೆ.